ಕೇಳುಗನನ್ನೇ ಕೇಳುವ ರೇಡಿಯೋ

ತನ್ನ ಕಾರ್ಯಕ್ರಮವನ್ನು ಈ ಕ್ಷಣ ಯಾರು ಕೇಳುತ್ತಿದ್ದಾರೆ ಎಂಬುದು ರೇಡಿಯೋ ನಿಲಯಕ್ಕೆ ಗೊತ್ತಿರುತ್ತದೆಯೇ? ಇಲ್ಲ. ಪ್ರಸಾರ ಗೋಪುರದಿಂದ ಹೊರಟ ವಿದ್ಯುತ್ಕಾಂತ ತರಂಗಗಳು ಸುತ್ತಲೂ ಹರಡುತ್ತವೆ. ಅವನ್ನು ಹೊಲದ ಬದುವಿನಲ್ಲಿ ಕುಳಿತ ರೈತ ಹಿಡಿದನೋ, ಕ್ಷೌರದಂಗಡಿಯ ಹಳೆಯ ಸೆಟ್ಟು ಹಿಡಿಯಿತೋ, ಯಾರೂ ಹಿಡಿಯದೆ ಹಾಗೆಯೇ ಹೋದವೋ, ಗೋಪುರಕ್ಕೆ ತಿಳಿಯುವ ದಾರಿಯೇ ಇಲ್ಲ. ಅಂಚೆ ಕಾರ್ಡಿನಲ್ಲಿ ಊರಿನ ಹೆಸರು, ಮನೆಮಂದಿಯ ಹೆಸರೆಲ್ಲ ಬರೆದು ಮೆಚ್ಚಿನ ಚಿತ್ರಗೀತೆ ಕೋರುತ್ತಿದ್ದ ಶ್ರೋತೃಗಳು ಇದ್ದುದರಿಂದಲೇ ನಿಲಯಕ್ಕೆ ತನ್ನ ಕೇಳುಗರ ಅಲ್ಪಸ್ವಲ್ಪ ಪರಿಚಯ ಆಗುತ್ತಿತ್ತು.

1935ರಲ್ಲಿ ಮೈಸೂರಿನಲ್ಲಿ ಖಾಸಗಿಯಾಗಿ ಬಾನುಲಿ ನಿಲಯ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರು. ಮನಸ್ಸಿನ ಶಾಸ್ತ್ರವನ್ನೇ ಬಲ್ಲ ಅವರಿಗೂ ಯಾವ ಮನೆಯಲ್ಲಿ ಯಾವ ಹಾಡಿಗೆ ತಲೆದೂಗಿದರು, ಯಾವ ಭಾಷಣಕ್ಕೆ ಆಕಳಿಸಿ ಗುಂಡಿ ತಿರುಗಿಸಿದರು ಎಂಬುದು ಯಂತ್ರದ ಮೂಲಕ ತಿಳಿಯುವಂತಿರಲಿಲ್ಲ. ರೇಡಿಯೋದಲ್ಲಿ ಮಾತು ಒಂದೇ ದಿಕ್ಕಿಗೆ ಹರಿಯುತ್ತಿತ್ತು.

ಈಗ ಇದು ಬದಲಾಗಿದೆ. ಜೇಬಿನಲ್ಲಿಟ್ಟುಕೊಂಡು ಕೇಳುವ ಪುಟ್ಟ ಸಾಧನವೊಂದು ಹಾಡನ್ನು ಕೇಳಿಸುವುದರ ಜೊತೆಗೆ ತನ್ನ ಒಡೆಯನನ್ನೂ ‘ಕೇಳುತ್ತದೆ’. ಯಾವ ಹಾಡನ್ನು ಪೂರ್ತಿ ಕೇಳಿದ, ಯಾವುದನ್ನು ಅರ್ಧಕ್ಕೇ ದಾಟಿಸಿದ ಎಂದು ಬರೆದಿಟ್ಟುಕೊಂಡು, ಮುಂದಿನ ಹಾಡನ್ನು ಅದಕ್ಕೆ ತಕ್ಕಂತೆ ಆರಿಸುತ್ತದೆ. ಇದನ್ನೇ ವೈಯಕ್ತಿಕ ಇಂಟರ್ನೆಟ್ ರೇಡಿಯೋ ಎನ್ನುವುದು. ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಲು ಹತ್ತನೇ ತರಗತಿಯ ಗಣಿತ ಸಾಕು. ತಿಳಿಯದೇ ಬಳಸಿದರೆ ಏನಾಗುತ್ತದೆ ಎಂಬುದು ಮಾತ್ರ ವಿದ್ಯಾರ್ಥಿಗಳೂ ಪಾಲಕರೂ ಸ್ವಲ್ಪ ಯೋಚಿಸಬೇಕಾದ ವಿಷಯ.

ಜೇಬಿಗಿಳಿದ ಬಾನುಲಿ

ಮೊದಮೊದಲ ರೇಡಿಯೋಗಳು ಮರದ ಪೆಟ್ಟಿಗೆಯಷ್ಟು ದೊಡ್ಡವು. ಒಳಗಿನ ಗಾಜಿನ ವಾಲ್ವುಗಳು ಬಿಸಿಯಾದ ಮೇಲೆಯೇ ದನಿ ಹೊರಡುತ್ತಿತ್ತು. 1954ರಲ್ಲಿ ಅಮೆರಿಕದಲ್ಲಿ ರೀಜೆನ್ಸಿ ಟಿಆರ್-1 ಎಂಬ ರೇಡಿಯೋ ಮಾರುಕಟ್ಟೆಗೆ ಬಂತು. ಒಳಗಿದ್ದದ್ದು ಕೇವಲ ನಾಲ್ಕು ಟ್ರಾನ್ಸಿಸ್ಟರ್. ಬೆಲೆ 49.95 ಡಾಲರ್. ಅಂಗಿಯ ಜೇಬಿನಲ್ಲಿ ಹಿಡಿಸುವ ಈ ರೇಡಿಯೋದಿಂದ ಕೇಳುವ ಜಾಗ ಕೇಳುಗನ ಇಚ್ಛೆಗೆ ಬಂತು. ಆದರೆ ಕೇಳುವ ಹಾಡು ನಿಲಯದ ಇಚ್ಛೆಯಲ್ಲೇ ಉಳಿಯಿತು.

1979ರಲ್ಲಿ ಜಪಾನಿನ ಸೋನಿ ಕಂಪನಿಯ ವಾಕ್‌ಮನ್ ಬಂದಾಗ ಹಾಡಿನ ಆಯ್ಕೆಯೂ ಕೇಳುಗನ ಕೈಗೆ ಸಿಕ್ಕಿತು. ಬೇಕಾದ ಕ್ಯಾಸೆಟ್ ಹಾಕಿಕೊಂಡು ನಡೆಯುತ್ತ ಕೇಳಬಹುದಿತ್ತು. ಆದರೆ ಇನ್ನೊಂದು ಕೊರತೆ ಕಾಣಿಸಿತು. ಕ್ಯಾಸೆಟ್ಟಿನಲ್ಲಿ ಮುಂದೆ ಬರುವ ಹಾಡು ಯಾವುದೆಂದು ಮೊದಲೇ ಗೊತ್ತು! ‘ಮುಂದೇನು ಬರುತ್ತದೋ’ ಎಂಬ ರೇಡಿಯೋದ ಕುತೂಹಲ ಅಲ್ಲಿ ಇರಲಿಲ್ಲ.

ಇತ್ತ ಕಂಪ್ಯೂಟರ್‌ಗಳ ಲೋಕದಲ್ಲಿ ಬೇರೊಂದು ಪ್ರಯತ್ನ ನಡೆದಿತ್ತು. 1993ರಲ್ಲಿ ಅಮೆರಿಕದ ಕಾರ್ಲ್ ಮಲಮುಡ್ ‘ಇಂಟರ್ನೆಟ್ ಟಾಕ್ ರೇಡಿಯೋ’ ಎಂಬ ಮಾತಿನ ಕಾರ್ಯಕ್ರಮವನ್ನು ಇಂಟರ್ನೆಟ್ ಮೂಲಕ ಹಂಚಲು ತೊಡಗಿದರು. 1994ರ ನವೆಂಬರ್ 7ರಂದು ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಾನುಲಿ ಡಬ್ಲ್ಯು.ಎಕ್ಸ್.ವೈ.ಸಿ. ತನ್ನ ಪ್ರಸಾರವನ್ನು ಇಂಟರ್ನೆಟ್ಟಿಗೂ ಹರಿಸಿತು. ಗೋಪುರದ ಎಲ್ಲೆ ದಾಟಿ ಜಗತ್ತಿನ ಯಾವ ಮೂಲೆಯಲ್ಲಾದರೂ ಅದನ್ನು ಕೇಳುವಂತಾಯಿತು. ಆದರೆ ಕೇಳಲು ಮೇಜಿನ ಮೇಲಿನ ಕಂಪ್ಯೂಟರ್ ಮುಂದೆ ಕೂರಬೇಕಿತ್ತು.

ಟ್ರಾನ್ಸಿಸ್ಟರ್ ರೇಡಿಯೋದ ಹಗುರತನ, ವಾಕ್‌ಮನ್ನಿನ ಸ್ವಂತ ಆಯ್ಕೆ, ಬಾನುಲಿಯ ಕುತೂಹಲ - ಈ ಮೂರೂ ಒಂದೇ ಪೆಟ್ಟಿಗೆಯಲ್ಲಿ ಸಿಗಬಾರದೇಕೆ? ಹೊಸ ಶತಮಾನದ ಮೊದಲ ದಶಕದಲ್ಲಿ ಕೆಲವು ಕಂಪನಿಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವು.

ಒಬ್ಬೊಬ್ಬರಿಗೆ ಒಂದೊಂದು ಧಾರೆ

ಅದಕ್ಕೆ ಮೊದಲು ಒಂದು ವ್ಯತ್ಯಾಸ ತಿಳಿಯಬೇಕು. ಗೋಪುರದಿಂದ ಬರುವ ಪ್ರಸಾರ ಮಳೆಯಂತೆ. ಬೀದಿಯಲ್ಲಿ ಹತ್ತು ಜನ ಬಿಂದಿಗೆ ಇಟ್ಟರೂ, ಸಾವಿರ ಜನ ಇಟ್ಟರೂ ಮೋಡಕ್ಕೆ ಹೆಚ್ಚಿನ ಹೊರೆಯಿಲ್ಲ. ಇಂಟರ್ನೆಟ್ ರೇಡಿಯೋ ಹಾಗಲ್ಲ. ಅದು ನಲ್ಲಿ ನೀರಿನಂತೆ. ಪ್ರತಿ ಮನೆಗೂ ಬೇರೆ ಕೊಳವೆ ಬೇಕು.

ಲೆಕ್ಕ ಹಾಕಿ ನೋಡಬಹುದು. ಒಬ್ಬ ಕೇಳುಗನಿಗೆ ಸೆಕೆಂಡಿಗೆ 64 ಕಿಲೋಬಿಟ್‌ನಷ್ಟು ಧ್ವನಿ ಮಾಹಿತಿ ಕಳಿಸಬೇಕು ಎಂದುಕೊಳ್ಳಿ. ಸಾವಿರ ಜನ ಒಟ್ಟಿಗೆ ಕೇಳಿದರೆ ಸೆಕೆಂಡಿಗೆ 64,000 ಕಿಲೋಬಿಟ್, ಅಂದರೆ 64 ಮೆಗಾಬಿಟ್ ಆಯಿತು. ಲಕ್ಷ ಜನರಾದರೆ 6,400 ಮೆಗಾಬಿಟ್. ಕೇಳುಗರು ಹೆಚ್ಚಿದಂತೆ ನಿಲಯದ ಖರ್ಚೂ ಹೆಚ್ಚುತ್ತದೆ. ಮಳೆಯ ಬಾನುಲಿಗೆ ಈ ಕಷ್ಟವಿಲ್ಲ.

ಆದರೆ ಈ ಕಷ್ಟದೊಳಗೇ ಒಂದು ಅನುಕೂಲ ಅಡಗಿದೆ. ಹೇಗೂ ಪ್ರತಿಯೊಬ್ಬರಿಗೂ ಬೇರೆ ಕೊಳವೆ ಹಾಕುವುದೇ ಆದರೆ, ಎಲ್ಲ ಕೊಳವೆಯಲ್ಲೂ ಒಂದೇ ಹಾಡು ಏಕೆ ಹರಿಯಬೇಕು? ಒಬ್ಬರಿಗೊಂದು, ಇನ್ನೊಬ್ಬರಿಗೆ ಇನ್ನೊಂದು ಹಾಡು ಹರಿಸಬಹುದಲ್ಲ! ಅಲ್ಲದೆ, ಕೊಳವೆಯ ಆ ತುದಿಯಿಂದ ಈ ತುದಿಗೆ ಉತ್ತರವೂ ಬರಬಹುದು. ‘ಈ ಹಾಡು ಇಷ್ಟ’, ‘ಇದು ಬೇಡ’ ಎಂಬ ಸಂದೇಶ ನಿಲಯಕ್ಕೆ ತಲುಪುತ್ತದೆ. ವೈಯಕ್ತಿಕ ರೇಡಿಯೋದ ಕಲ್ಪನೆ ಹುಟ್ಟಿದ್ದು ಇಲ್ಲಿಂದ.

ತೊಟ್ಟಿ ತುಂಬಿಸುವ ಉಪಾಯ

ಕಲ್ಪನೆಯೇನೋ ಸರಿ. ಆದರೆ 2007-08ರ ಸುಮಾರಿಗೆ ದಾರಿಯಲ್ಲಿ ನಡೆಯುವವನ ಜೇಬಿಗೆ ಎಡೆಬಿಡದೆ ಇಂಟರ್ನೆಟ್ ತಲುಪಿಸುವುದು ದುಬಾರಿ. ಸಂಪರ್ಕವೂ ನಿಧಾನ. ವೈಫೈ ಸಿಗುತ್ತಿದ್ದದ್ದು ಮನೆ, ಕಚೇರಿ, ಕೆಲವು ಅಂಗಡಿಗಳಲ್ಲಿ ಮಾತ್ರ. ಬಸ್ಸು ಹತ್ತಿದೊಡನೆ ಹಾಡು ನಿಂತುಹೋದರೆ ಅದೆಂಥ ರೇಡಿಯೋ?

ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ 2006ರಲ್ಲಿ ಹುಟ್ಟಿದ ಸ್ಲ್ಯಾಕರ್ ಎಂಬ ಕಂಪನಿ ಇದಕ್ಕೊಂದು ಉಪಾಯ ಹುಡುಕಿತು. ಆ ಹೆಸರಿನ ಅರ್ಥ ‘ಸೋಮಾರಿ’! ಹಾಡು ಆರಿಸುವ ಶ್ರಮವನ್ನೂ ಪಡದವನಿಗಾಗಿ ಎಂಬ ತಮಾಷೆ ಅದರಲ್ಲಿದೆ. ಉಪಾಯ ಮಾತ್ರ ಕನ್ನಡನಾಡಿನ ಯಾವ ಗೃಹಿಣಿಗೂ ಹೊಸದಲ್ಲ. ನಲ್ಲಿಯಲ್ಲಿ ನೀರು ಬೆಳಿಗ್ಗೆ ಒಂದು ಗಂಟೆ ಮಾತ್ರ ಬರುವ ಊರಿನಲ್ಲಿ ಏನು ಮಾಡುತ್ತಾರೆ? ಬಂದಾಗ ತೊಟ್ಟಿ ತುಂಬಿಸಿಟ್ಟು ದಿನವಿಡೀ ಬಳಸುತ್ತಾರೆ. ಸ್ಲ್ಯಾಕರ್ ಮಾಡಿದ್ದೂ ಇಷ್ಟೇ.

ಈ ಕಂಪನಿಯ ಮೊದಲ ಜೇಬು ರೇಡಿಯೋ 2008ರ ಆರಂಭದಲ್ಲಿ ಗ್ರಾಹಕರ ಕೈ ಸೇರಿತು. ಅದಕ್ಕಿಂತ ಚಿಕ್ಕದಾದ ಜಿ2 ಎಂಬ ಎರಡನೆಯ ಮಾದರಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂತು. ಮನೆಯಲ್ಲಿ ವೈಫೈ ಸಿಕ್ಕಾಗ ಈ ಸಾಧನ ಕೇಳುಗ ಆರಿಸಿಕೊಂಡ ‘ನಿಲಯ’ಗಳ ಹಾಡುಗಳನ್ನು ತನ್ನೊಳಗಿನ ಸ್ಮೃತಿಕೋಶಕ್ಕೆ ತುಂಬಿಸಿಕೊಳ್ಳುತ್ತಿತ್ತು. ಹೊರಗೆ ಹೋದಾಗ ಅದನ್ನೇ ಒಂದೊಂದಾಗಿ ನುಡಿಸುತ್ತಿತ್ತು. ಅದರಲ್ಲಿ ಎರಡು ಮುಖ್ಯ ಗುಂಡಿಗಳು. ಒಂದು ಹೃದಯದ ಚಿತ್ರದ್ದು - ಹಾಡು ಮೆಚ್ಚಿಗೆಯಾದರೆ ಒತ್ತಬೇಕು. ಇನ್ನೊಂದು ನಿಷೇಧದ್ದು - ಒತ್ತಿದರೆ ಆ ಹಾಡು ಮತ್ತೆ ಬರುವುದಿಲ್ಲ. ಈ ಒತ್ತುಗಳನ್ನೆಲ್ಲ ಸಾಧನ ನೆನಪಿಟ್ಟುಕೊಂಡು, ಮುಂದಿನ ಸಲ ವೈಫೈ ಸಿಕ್ಕಾಗ ಕಂಪನಿಯ ಸರ್ವರಿಗೆ ವರದಿ ಒಪ್ಪಿಸುತ್ತಿತ್ತು. ಸರ್ವರ್ ಆ ವರದಿಗೆ ತಕ್ಕಂತೆ ಹೊಸ ಹಾಡು ಕಳಿಸುತ್ತಿತ್ತು.

ಜಿ2ರ ಒಂದು ಮಾದರಿಯ ಸ್ಮೃತಿ 4 ಗಿಗಾಬೈಟ್, ಬೆಲೆ ಸುಮಾರು 200 ಡಾಲರ್. ಅದರಲ್ಲಿ 25 ನಿಲಯಗಳು, 2,500 ಹಾಡುಗಳು ಹಿಡಿಸುತ್ತವೆ ಎಂದು ಕಂಪನಿ ಹೇಳುತ್ತಿತ್ತು. ಇದು ಸಾಧ್ಯವೇ? ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು.

4 ಗಿಗಾಬೈಟ್ ಎಂದರೆ 4,000 ಮೆಗಾಬೈಟ್. ಅದನ್ನು 2,500 ಹಾಡಿಗೆ ಹಂಚಿದರೆ ಒಂದು ಹಾಡಿಗೆ ಸಿಗುವುದು 1.6 ಮೆಗಾಬೈಟ್. ಒಂದು ಹಾಡಿನ ಉದ್ದ 200 ಸೆಕೆಂಡು ಎಂದಿಟ್ಟುಕೊಂಡರೆ, 1.6 ಮೆಗಾಬೈಟನ್ನು 8ರಿಂದ ಗುಣಿಸಿ ಬಿಟ್ಟಿಗೆ ತಂದು, 200ರಿಂದ ಭಾಗಿಸಿದಾಗ ಬರುವುದು ಸೆಕೆಂಡಿಗೆ 64 ಕಿಲೋಬಿಟ್. ಈಗ ಸಿ.ಡಿ.ಯ ಲೆಕ್ಕ ನೋಡಿ. ಅದು ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ, ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಸಲ ಬರೆದಿಡುತ್ತದೆ. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಅಂದರೆ ಜೇಬು ರೇಡಿಯೋದೊಳಗಿನ ಹಾಡು ಸಿ.ಡಿ.ಯ ಹಾಡಿಗಿಂತ 22 ಪಟ್ಟು ಚಿಕ್ಕದು!

ಉಳಿದ ಇಪ್ಪತ್ತೊಂದು ಪಾಲು ಎಲ್ಲಿ ಹೋಯಿತು? ಅದಕ್ಕೆ ಉತ್ತರ ಮನುಷ್ಯನ ಕಿವಿಯಲ್ಲಿದೆ. ಡೋಲು ಬಡಿಯುತ್ತಿರುವಾಗ ಪಕ್ಕದಲ್ಲಿ ಆಡಿದ ಪಿಸುಮಾತು ಕೇಳಿಸುವುದಿಲ್ಲ. ಜೋರಾದ ದನಿ ತನ್ನ ಹತ್ತಿರದ ಕಂಪನಾಂಕದ ಸಣ್ಣ ದನಿಯನ್ನು ಮುಚ್ಚಿಬಿಡುತ್ತದೆ. ಹೇಗೂ ಕೇಳಿಸದ ಈ ದನಿಗಳನ್ನು ಬರೆದಿಡುವುದೇಕೆ ಎಂದು ಬಿಟ್ಟುಬಿಡುವುದೇ ಎಂಪಿ3 ಮೊದಲಾದ ಸಂಕೋಚನ ವಿಧಾನಗಳ ಗುಟ್ಟು. ಬಹಳ ಒತ್ತಿದರೆ ಕೇಳಿಸಬೇಕಾದದ್ದೂ ಸ್ವಲ್ಪ ಹೋಗುತ್ತದೆ. ಆದರೆ ಬಸ್ಸಿನ ಗದ್ದಲದಲ್ಲಿ ಅದನ್ನು ಗುರುತಿಸುವವರು ಕಡಿಮೆ.

ಇದು ರೇಡಿಯೋ, ಅಂಗಡಿಯಲ್ಲ

ಹಾಡುಗಳೆಲ್ಲ ಪೆಟ್ಟಿಗೆಯೊಳಗೇ ಇರುವಾಗ ಬೇಕಾದ ಹಾಡನ್ನು ಬೇಕಾದಾಗ ಕೇಳಬಹುದಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಹಾಗಿಲ್ಲ! ಇಂಥ ರೇಡಿಯೋ ಕೇಳುವವನು ‘ಈ ಬಗೆಯ ಹಾಡು’ ಎನ್ನಬಹುದು, ‘ಇದೇ ಹಾಡು, ಈಗಲೇ’ ಎನ್ನುವಂತಿರಲಿಲ್ಲ. ಉಚಿತವಾಗಿ ಕೇಳುವವನು ಒಂದು ನಿಲಯದಲ್ಲಿ ಗಂಟೆಗೆ ಆರು ಹಾಡುಗಳನ್ನು ಮಾತ್ರ ದಾಟಿಸಬಹುದಿತ್ತು.

ಇದು ಯಂತ್ರದ ಮಿತಿಯಲ್ಲ, ಹಕ್ಕುಗಳ ಲೆಕ್ಕ. ಬೇಕೆಂದಾಗ ಬೇಕಾದ ಹಾಡು ಸಿಕ್ಕರೆ ಯಾರು ತಾನೆ ಕ್ಯಾಸೆಟ್ಟು, ಸಿ.ಡಿ. ಕೊಳ್ಳುತ್ತಾರೆ? ಅದಕ್ಕೇ ಅಮೆರಿಕ 1998ರಲ್ಲಿ ಮಾಡಿದ ಡಿಜಿಟಲ್ ಕೃತಿಸ್ವಾಮ್ಯ ಕಾಯಿದೆ ಇಂಟರ್ನೆಟ್ ರೇಡಿಯೋಗಳಿಗೆ ಗೆರೆ ಎಳೆಯಿತು. ಸುಲಭದ ಪರವಾನಗಿ ಪಡೆದ ನಿಲಯ ಯಾವುದೇ ಮೂರು ಗಂಟೆಗಳಲ್ಲಿ ಒಂದೇ ಆಲ್ಬಮ್ಮಿನಿಂದ ಮೂರಕ್ಕಿಂತ ಹೆಚ್ಚು, ಒಬ್ಬನೇ ಕಲಾವಿದನಿಂದ ನಾಲ್ಕಕ್ಕಿಂತ ಹೆಚ್ಚು ಹಾಡು ಹಾಕಕೂಡದು. ಮುಂದೆ ಬರುವ ಹಾಡುಗಳ ಪಟ್ಟಿಯನ್ನು ಮೊದಲೇ ಪ್ರಕಟಿಸಕೂಡದು. ಇನ್ನು ಹಾಡನ್ನು ಜೇಬಿನ ಸಾಧನದಲ್ಲಿ ಕೂಡಿಡಬೇಕಾದರೆ ಧ್ವನಿಮುದ್ರಿಕೆ ಕಂಪನಿಗಳೊಡನೆ ಬೇರೆಯೇ ಒಪ್ಪಂದ ಆಗಬೇಕಿತ್ತು.

ಹೀಗೆ ಕಾನೂನೇ ಒಂದು ಒಳ್ಳೆಯ ಸಮಸ್ಯೆ ಹುಟ್ಟುಹಾಕಿತು. ಕೇಳುಗ ಹೆಸರು ಹೇಳಿ ಕೇಳುವಂತಿಲ್ಲ, ಆದರೂ ಅವನಿಗೆ ಇಷ್ಟವಾಗುವ ಹಾಡೇ ಬರಬೇಕು. ಅಂದರೆ ಯಂತ್ರ ಊಹಿಸಬೇಕು. ಊಹಿಸುವುದು ಹೇಗೆ?

ರುಚಿಯನ್ನು ಅಳೆಯುವ ಎರಡು ಬಗೆ

ಮೊದಲನೆಯ ಬಗೆ ಹಾಡನ್ನೇ ಅಳೆಯುವುದು. ಅಮೆರಿಕದ ಪಂಡೋರಾ ಕಂಪನಿ ಆರಿಸಿಕೊಂಡ ದಾರಿ ಇದು. 2000ದಲ್ಲಿ ಆರಂಭವಾದ ಅದರ ‘ಮ್ಯೂಸಿಕ್ ಜೀನೋಮ್’ ಯೋಜನೆಯಲ್ಲಿ ಸಂಗೀತ ಬಲ್ಲವರು ಕುಳಿತು ಒಂದೊಂದೇ ಹಾಡನ್ನು ಕೇಳಿ, ಅದರ ಗುಣಗಳಿಗೆ ಅಂಕ ಹಾಕುತ್ತಿದ್ದರು. ಲಯ, ದನಿ, ವಾದ್ಯ, ಸಾಹಿತ್ಯದ ಬಗೆ ಹೀಗೆ ಒಂದು ಹಾಡಿಗೆ 450ರವರೆಗೂ ಗುಣಗಳು. ಜೀವಿಯೊಂದರ ಲಕ್ಷಣಗಳನ್ನು ಜೀನುಗಳು ನಿರ್ಧರಿಸುವಂತೆ ಹಾಡಿನ ಲಕ್ಷಣಗಳನ್ನು ಈ ಗುಣಗಳು ನಿರ್ಧರಿಸುತ್ತವೆ ಎಂಬ ಹೋಲಿಕೆಯಿಂದ ಈ ಹೆಸರು.

450ರ ಬದಲು ಮೂರೇ ಗುಣ ತೆಗೆದುಕೊಳ್ಳೋಣ: ಓಟದ ವೇಗ, ವಾದ್ಯಗಳ ಅಬ್ಬರ, ದನಿಯ ಏರಿಳಿತ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಒಂದು ಭಾವಗೀತೆಗೆ (2, 1, 4), ಒಂದು ದೇವರನಾಮಕ್ಕೆ (2, 2, 4), ಕುಣಿತದ ಚಿತ್ರಗೀತೆಯೊಂದಕ್ಕೆ (5, 5, 1) ಅಂಕ ಬಂತೆನ್ನಿ. ಹತ್ತನೇ ತರಗತಿಯಲ್ಲಿ ಎರಡು ಬಿಂದುಗಳ ನಡುವಿನ ದೂರ ಕಂಡುಹಿಡಿಯುವ ಸೂತ್ರ ಬರುತ್ತದಲ್ಲ, ಅದನ್ನೇ ಮೂರು ಅಕ್ಷಗಳಿಗೆ ವಿಸ್ತರಿಸಿದರಾಯಿತು. ಭಾವಗೀತೆಗೂ ದೇವರನಾಮಕ್ಕೂ ನಡುವಿನ ದೂರ 1. ಭಾವಗೀತೆಗೂ ಚಿತ್ರಗೀತೆಗೂ ನಡುವಿನ ದೂರ 9+16+9, ಅಂದರೆ 34ರ ವರ್ಗಮೂಲ - ಸುಮಾರು 5.8. ಆದ್ದರಿಂದ ಭಾವಗೀತೆಗೆ ಹೃದಯದ ಗುಂಡಿ ಒತ್ತಿದವನಿಗೆ ಯಂತ್ರ ದೇವರನಾಮ ಹಾಕುತ್ತದೆ. ಯಂತ್ರಕ್ಕೆ ಸಂಗೀತ ಗೊತ್ತಿಲ್ಲ, ದೂರ ಅಳೆಯುವುದು ಗೊತ್ತು.

ಎರಡನೆಯ ಬಗೆಯಲ್ಲಿ ಹಾಡನ್ನು ಅಳೆಯುವುದೇ ಇಲ್ಲ. ಕೇಳುಗರನ್ನು ಒಬ್ಬರೊಡನೊಬ್ಬರು ಹೋಲಿಸುತ್ತಾರೆ. 1994ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಇದರ ಒಂದು ಮೊದಲ ಪ್ರಯೋಗ ನಡೆಯಿತು. ಅದರ ಹೆಸರು ರಿಂಗೋ. ಜನ ತಮಗೆ ಗೊತ್ತಿರುವ ಕಲಾವಿದರಿಗೆ 1ರಿಂದ 7ರವರೆಗೆ ಅಂಕ ಹಾಕಿ ಇ-ಮೇಲ್ ಮಾಡಿದರೆ, ಅವರಂತೆಯೇ ಅಂಕ ಹಾಕಿದ ಇತರರನ್ನು ಹುಡುಕಿ ಸಲಹೆ ಕೊಡುತ್ತಿತ್ತು. ಮುಂದೆ ಲಂಡನ್ನಿನಲ್ಲಿ 2002ರಲ್ಲಿ ಹುಟ್ಟಿದ ಲಾಸ್ಟ್.ಎಫ್ಎಂ ಇದೇ ತತ್ವದ ಮೇಲೆ ‘ಸಂಗೀತದ ನೆರೆಹೊರೆ’ಯನ್ನು ಕಟ್ಟಿತು.

ಇದಕ್ಕೂ ಒಂದು ಪುಟ್ಟ ಲೆಕ್ಕ. ‘ಅ’ ಎಂಬ ಹುಡುಗಿಗೆ ಜನಪದ ಗೀತೆ ಇಷ್ಟ (+1), ಭಾವಗೀತೆ ಇಷ್ಟ (+1), ಚಿತ್ರಗೀತೆ ಬೇಡ (-1). ‘ಆ’ ಎಂಬ ಹುಡುಗನ ಅಂಕಗಳೂ ಇವೇ. ‘ಇ’ ಎಂಬವನಿಗೆ ಜನಪದ ಬೇಡ (-1), ಭಾವಗೀತೆ ಇಷ್ಟ (+1), ಚಿತ್ರಗೀತೆ ಇಷ್ಟ (+1). ಇಬ್ಬಿಬ್ಬರ ಅಂಕಗಳನ್ನು ಗುಣಿಸಿ ಕೂಡಿಸಿದರೆ ಅವರ ‘ಹೊಂದಾಣಿಕೆ’ ಸಿಗುತ್ತದೆ. ‘ಅ’ ಮತ್ತು ‘ಆ’ - 1+1+1 = 3. ‘ಅ’ ಮತ್ತು ‘ಇ’ - (-1)+1+(-1) = -1. ಈಗ ‘ಅ’ ಇದುವರೆಗೆ ಕೇಳದ ಒಂದು ವಚನ ಗಾಯನವಿದೆ. ‘ಆ’ ಅದನ್ನು ಮೆಚ್ಚಿದ್ದಾನೆ (+1), ‘ಇ’ ಮೆಚ್ಚಿಲ್ಲ (-1). ಊಹೆ ಏನು? 3×(+1) ಮತ್ತು (-1)×(-1), ಕೂಡಿಸಿದರೆ +4. ಯಂತ್ರ ಧೈರ್ಯವಾಗಿ ಹಾಡು ಹಾಕುತ್ತದೆ. ರುಚಿ ಹೊಂದದವನ ‘ಬೇಡ’ ಕೂಡ ಇಲ್ಲಿ ಉಪಯೋಗಕ್ಕೆ ಬಂದದ್ದನ್ನು ಗಮನಿಸಿ!

ಎರಡು ಬಗೆಗೂ ಅವುಗಳದೇ ಕುಂದುಗಳಿವೆ. ಮೊದಲನೆಯದರಲ್ಲಿ, ಬಲ್ಲವರು ಕುಳಿತು ಕೇಳದ ಹಾಡಿಗೆ ಪಟ್ಟಿಯಲ್ಲಿ ಜಾಗವೇ ಇಲ್ಲ. ಎರಡನೆಯದರಲ್ಲಿ, ಯಾರೂ ಗುಂಡಿ ಒತ್ತದ ಹೊಸ ಹಾಡು ಯಾರಿಗೂ ತಲುಪುವುದಿಲ್ಲ. ಯಾರಿಗೂ ತಲುಪದ ಕಾರಣ ಯಾರೂ ಒತ್ತುವುದಿಲ್ಲ. ಕೋಟಿಗಟ್ಟಲೆ ಕೇಳುಗರಿರುವ ಭಾಷೆಯ ಹಾಡಿಗೆ ಇದು ಅಂಥ ತೊಡಕಲ್ಲ. ಕೇಳುಗರು ಕಡಿಮೆ ಇರುವ ತತ್ವಪದ, ಸೋಬಾನೆ ಹಾಡು, ತುಳು ಪಾಡ್ದನಗಳಂಥವಕ್ಕೆ ಇದು ದೊಡ್ಡ ತೊಡಕು.

ಪೆಟ್ಟಿಗೆ ಹೋಯಿತು, ಪದ್ಧತಿ ಉಳಿಯಿತು

ಸ್ಲ್ಯಾಕರ್ ಜಿ2 ಬಹುಕಾಲ ಬಾಳಲಿಲ್ಲ. ಅದು ಮಾರುಕಟ್ಟೆಗೆ ಬರುವ ಎರಡು ತಿಂಗಳ ಮೊದಲು, 2008ರ ಜುಲೈನಲ್ಲಿ, ಐಫೋನಿಗೆ ಆಪ್‌ಗಳ ಮಳಿಗೆ ತೆರೆಯಿತು. ಪಂಡೋರಾ ಆಗಲೇ ಅಲ್ಲಿ ಹಾಜರಿತ್ತು. ಹಾಡಿಗೆಂದೇ ಇನ್ನೊಂದು ಪೆಟ್ಟಿಗೆ ಹೊರುವುದೇಕೆ ಎಂದು ಜನರಿಗೆ ಅನಿಸಿತು. ಸ್ಲ್ಯಾಕರ್ ಕೂಡ 2009ರಲ್ಲಿ ಫೋನಿಗೆ ತನ್ನ ಆಪ್ ತಂದಿತು. ಲಾಸ್ಟ್.ಎಫ್ಎಂ 2014ರಲ್ಲಿ ತನ್ನ ಹಾಡಿನ ಧಾರೆಯನ್ನು ನಿಲ್ಲಿಸಿತು. 2017ರಲ್ಲಿ ಸ್ಲ್ಯಾಕರ್ ಕಂಪನಿಯೇ ಬೇರೊಂದು ಕಂಪನಿಯ ಪಾಲಾಯಿತು.

ಇಲ್ಲೊಂದು ವಿಚಿತ್ರ ಗಮನಿಸಬೇಕು. 1954ರ ಟಿಆರ್-1 ರೇಡಿಯೋವನ್ನು ಈಗಲೂ ದುರಸ್ತಿ ಮಾಡಿ ತಕ್ಕ ಬ್ಯಾಟರಿ ಹಾಕಿದರೆ ಮೀಡಿಯಂ ವೇವ್ ನಿಲಯವನ್ನು ಹಿಡಿಯುತ್ತದೆ. 2008ರ ವೈಯಕ್ತಿಕ ರೇಡಿಯೋಗೆ ಅದರದೇ ಸರ್ವರ್ ಬೇಕು. ತೊಟ್ಟಿಗೆ ನೀರು ಬಿಡುವವರು ಬಾಗಿಲು ಮುಚ್ಚಿದರೆ ತೊಟ್ಟಿ ಎಷ್ಟು ಗಟ್ಟಿಯಾಗಿದ್ದರೂ ಒಣ ತೊಟ್ಟಿಯೇ.

ಪಂಡೋರಾ ಪರವಾನಗಿಯ ಕಾರಣದಿಂದ 2007ರಲ್ಲೇ ಅಮೆರಿಕದ ಹೊರಗಿನ ಹೆಚ್ಚಿನ ಕೇಳುಗರಿಗೆ ಬಾಗಿಲು ಮುಚ್ಚಿತ್ತು. ಹಾಗಾಗಿ ಭಾರತದ ಮನೆಗಳಿಗೆ ಈ ಪದ್ಧತಿ ತಡವಾಗಿ, ಸಾವನ್, ಗಾನಾ, 2019ರಲ್ಲಿ ಬಂದ ಸ್ಪಾಟಿಫೈ ಮುಂತಾದ ಆಪ್‌ಗಳ ಮೂಲಕ ಕಾಲಿಟ್ಟಿತು. ಇದಕ್ಕೆ ವಿರುದ್ಧವಾದ ದಾರಿ ಹಿಡಿದದ್ದು ಸರೆಗಮ ಕಂಪನಿಯ ಕಾರವಾನ್. 2017ರಲ್ಲಿ ಬಂದ, ಹಳೆಯ ರೇಡಿಯೋದಂತೆಯೇ ಕಾಣುವ ಈ ಪೆಟ್ಟಿಗೆಯಲ್ಲಿ 5,000 ಹಾಡುಗಳನ್ನು ಮೊದಲೇ ತುಂಬಿಸಿಟ್ಟಿದ್ದರು. ಆ ಹಾಡುಗಳ ಮಟ್ಟಿಗೆ ಅದು ಕೇಳುಗನಿಂದ ಏನನ್ನೂ ಕಲಿಯುವುದಿಲ್ಲ. ಅಜ್ಜ ಒತ್ತಿದರೂ ಮೊಮ್ಮಗ ಒತ್ತಿದರೂ ಅದೇ ಹಾಡು. ಅದನ್ನು ಮೆಚ್ಚಿ ಕೊಂಡವರು ಬಹಳ ಮಂದಿ.

ವೃತ್ತ ಕಿರಿದಾಗುವ ಬಗೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಯಂತ್ರ ಕೇಳುಗನ ರುಚಿಯನ್ನು ಅಳೆಯುತ್ತದೆ ಸರಿ. ಆದರೆ ಆ ರುಚಿ ಯಂತ್ರ ಹಾಕಿದ ಹಾಡುಗಳಿಂದಲೇ ರೂಪುಗೊಂಡಿದ್ದರೆ? ಬಾಲಕನೊಬ್ಬ ಒಂದು ಬಗೆಯ ಹಾಡಿಗೆ ಗುಂಡಿ ಒತ್ತುತ್ತಾನೆ. ಯಂತ್ರ ಅದೇ ಬಗೆಯದನ್ನು ಹೆಚ್ಚು ಹಾಕುತ್ತದೆ. ಹೆಚ್ಚು ಕೇಳಿದ್ದು ಹೆಚ್ಚು ಪರಿಚಿತ, ಪರಿಚಿತವಾದದ್ದು ಹೆಚ್ಚು ಇಷ್ಟ. ಮತ್ತೆ ಗುಂಡಿ ಒತ್ತುತ್ತಾನೆ. ಕೇಳದ ಬಗೆ ಇಷ್ಟವೋ ಇಲ್ಲವೋ ಎಂದು ಹೇಳುವ ಅವಕಾಶವೇ ಅವನಿಗೆ ಬರುವುದಿಲ್ಲ.

2006ರಲ್ಲಿ ಅಮೆರಿಕದ ಸಾಲ್ಗನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಮೂವರು ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗಬೇಕು. ಹೆಸರು ಕೇಳದ ವಾದ್ಯತಂಡಗಳ 48 ಹಾಡುಗಳನ್ನು ಅವರು 14,341 ಜನರ ಮುಂದಿಟ್ಟರು. ಕೆಲವರಿಗೆ ಹಾಡುಗಳನ್ನು ಮಾತ್ರ ತೋರಿಸಿದರು. ಉಳಿದವರನ್ನು ಎಂಟು ಬೇರೆ ಬೇರೆ ‘ಲೋಕ’ಗಳಾಗಿ ವಿಂಗಡಿಸಿ, ತಮ್ಮ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡರು ಎಂಬ ಸಂಖ್ಯೆಯನ್ನೂ ಕಾಣಿಸಿದರು. ಹಾಡುಗಳು ಅವೇ, ಆದರೆ ಲೋಕಲೋಕಕ್ಕೂ ಗೆದ್ದ ಹಾಡು ಬೇರೆ! ಒಂದು ಹಾಡಂತೂ ಒಂದು ಲೋಕದಲ್ಲಿ ಮೊದಲ ಸ್ಥಾನ, ಇನ್ನೊಂದರಲ್ಲಿ ನಲವತ್ತನೆಯ ಸ್ಥಾನ ಪಡೆಯಿತು. ತೀರಾ ಒಳ್ಳೆಯ ಹಾಡು ತೀರಾ ಕೆಳಗಿಳಿಯುವುದು ಅಪರೂಪ, ತೀರಾ ಕೆಟ್ಟದ್ದು ಮೇಲೇರುವುದೂ ಅಪರೂಪ. ಆದರೆ ನಡುವಿನ ಹಾಡುಗಳ ಭವಿಷ್ಯವನ್ನು ಹೆಚ್ಚಾಗಿ ಬರೆದದ್ದು ಮೊದಲು ಬಂದ ಕೆಲವರ ಆಯ್ಕೆ.

ಮನೆಯಲ್ಲೇ ಮಾಡಿ ನೋಡಿ

ಇದನ್ನು ನಂಬಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಒಂದು ಡಬ್ಬಿ, ಒಂದೇ ಅಳತೆಯ ಒಂದಷ್ಟು ಕಾಗದದ ಚೀಟಿ ಸಾಕು. ಡಬ್ಬಿಯಲ್ಲಿ ‘ಜ’ (ಜನಪದ) ಎಂದು ಬರೆದ ಒಂದು ಚೀಟಿ, ‘ಚ’ (ಚಿತ್ರಗೀತೆ) ಎಂದು ಬರೆದ ಒಂದು ಚೀಟಿ ಮಡಚಿ ಹಾಕಿ. ಕಣ್ಣುಮುಚ್ಚಿ ಒಂದನ್ನು ಎತ್ತಿ. ಯಾವುದು ಬಂತೋ ಅದನ್ನು ಮರಳಿ ಹಾಕಿ, ಜೊತೆಗೆ ಅದೇ ಅಕ್ಷರದ ಇನ್ನೊಂದು ಹೊಸ ಚೀಟಿ ಸೇರಿಸಿ. ಎತ್ತಿದ್ದು ಯಂತ್ರ ಹಾಕಿದ ಹಾಡು, ಸೇರಿಸಿದ್ದು ಹೃದಯದ ಗುಂಡಿ. ಹೀಗೆ ಇಪ್ಪತ್ತು ಸಲ ಮಾಡಿದರೆ ಡಬ್ಬಿಯಲ್ಲಿ 22 ಚೀಟಿಗಳಾಗುತ್ತವೆ. ಬಿಚ್ಚಿ ಎಣಿಸಿ.

‘ಜ’ ಮತ್ತು ‘ಚ’ ಸರಿಸುಮಾರು ಅರ್ಧರ್ಧ ಇರಬೇಕೆಂದು ಮನಸ್ಸು ಹೇಳುತ್ತದೆ. ಗಣಿತ ಬೇರೆ ಮಾತು ಹೇಳುತ್ತದೆ. ಎರಡೇ ಸರದಿಯ ಲೆಕ್ಕ ನೋಡಿ: ಮೂರು ‘ಜ’ ಒಂದು ‘ಚ’ ಆಗುವ ಸಂಭವ 1/2×2/3 = 1/3. ಎರಡೆರಡು ಸಮವಾಗುವ ಸಂಭವವೂ 1/3. ಒಂದು ‘ಜ’ ಮೂರು ‘ಚ’ ಆಗುವುದೂ 1/3. ಇಪ್ಪತ್ತು ಸರದಿಯ ಕೊನೆಗೂ ಇದೇ ನಿಯಮ. ‘ಜ’ ಚೀಟಿಗಳು 1ರಿಂದ 21ರವರೆಗೆ ಎಷ್ಟಾದರೂ ಇರಬಹುದು, ಪ್ರತಿಯೊಂದಕ್ಕೂ ಸಂಭವ 21ರಲ್ಲಿ 1. ಸಮಸಮ 11 ಬರುವುದೂ, ಬರೀ 1 ಉಳಿಯುವುದೂ ಒಂದೇ ಸಂಭವ! ಗಣಿತಜ್ಞರು ಇದನ್ನು ಪೋಲ್ಯಾ ಎಂಬಾತನ ಹೆಸರಿನಿಂದ ಕರೆಯುತ್ತಾರೆ. ತರಗತಿಯಲ್ಲಿ ಹತ್ತು ಜೋಡಿಗಳು ಈ ಆಟ ಆಡಿದರೆ ಹತ್ತು ಡಬ್ಬಿಗಳೂ ಬೇರೆ ಬೇರೆ ‘ರುಚಿ’ ತೋರಿಸಬಹುದು. ಎಲ್ಲರೂ ಹೊರಟದ್ದು ಮಾತ್ರ ಒಂದು ‘ಜ’, ಒಂದು ‘ಚ’ದಿಂದಲೇ. ಮಗುವಿನ ಮೊದಲ ಕೆಲವು ಒತ್ತುಗಳು ಎಷ್ಟು ದೂರ ಹೋಗುತ್ತವೆ ಎಂಬುದಕ್ಕೆ ಇದಕ್ಕಿಂತ ಸರಳ ಪಾಠ ಬೇಕಿಲ್ಲ.

ಈಗ ನಿಯಮವನ್ನು ತುಸು ಬದಲಿಸಿ. ಐದು, ಹತ್ತು, ಹದಿನೈದು, ಇಪ್ಪತ್ತನೆಯ ಸರದಿಗಳಲ್ಲಿ ಚೀಟಿ ಎತ್ತಬೇಡಿ. ಯಾವ ಅಕ್ಷರ ಕಡಿಮೆ ಇದೆಯೋ ಅದರದೊಂದು ಚೀಟಿ ಸೇರಿಸಿ. ಸಮವಿದ್ದರೆ ಯಾವುದಾದರೂ ಸರಿ. ಈ ಸಲ ಆಟ ಎಷ್ಟೇ ಓರೆಯಾದರೂ ಕೊನೆಗೆ ಯಾವ ಅಕ್ಷರವೂ ಐದಕ್ಕಿಂತ ಕೆಳಗೆ ಇಳಿಯಲಾರದು. ಐದರಲ್ಲಿ ಒಂದು ಸರದಿ ಬಿಟ್ಟುಕೊಟ್ಟದ್ದಕ್ಕೆ ಸಿಕ್ಕ ಫಲ ಇದು.

ಮನೆಯಲ್ಲೂ ಈ ನಿಯಮ ಸಾಧ್ಯ. ನಾಲ್ಕು ಹಾಡು ಯಂತ್ರ ಆರಿಸಲಿ. ಐದನೆಯದನ್ನು ಮನೆಯ ಇನ್ನೊಬ್ಬರು, ಅಜ್ಜಿಯೋ ಅಪ್ಪನೋ ತಂಗಿಯೋ, ತಮ್ಮ ಇಷ್ಟದಿಂದ ಆರಿಸಲಿ. ಇಲ್ಲವೇ ಆಕಾಶವಾಣಿ ಆರಿಸಲಿ. ಅದರ ಕನ್ನಡ ಪ್ರಸಾರಗಳನ್ನೂ ಈಗ ಇಂಟರ್ನೆಟ್ ಮೂಲಕ ಕೇಳಬಹುದು. ಕೃಷಿರಂಗದ ನಂತರ ಕರ್ನಾಟಕ ಸಂಗೀತ, ಅದರ ನಂತರ ವಾರ್ತೆ ಎನ್ನುವ ಆ ಕ್ರಮ ಯಾರೊಬ್ಬರ ರುಚಿಗೂ ಪೂರ್ತಿ ಹೊಂದುವುದಿಲ್ಲ. ಅದಕ್ಕೇ ಅದು ಎಲ್ಲರಿಗೂ ಗೊತ್ತಿರದ ಏನನ್ನಾದರೂ ಕೇಳಿಸುತ್ತದೆ.

ಪಾಲಕರು ಗಮನಿಸಬೇಕಾದ ಇನ್ನೂ ಒಂದು ಸಂಗತಿಯಿದೆ. ಗೋಪುರದ ಬಾನುಲಿಗೆ ಮಗುವಿನ ಹೆಸರು ಗೊತ್ತಾಗುವುದಿಲ್ಲ. ಕೊಳವೆಯ ಬಾನುಲಿಗೆ ಯಾವ ಹೊತ್ತಿನಲ್ಲಿ, ಯಾವ ಹಾಡು, ಎಷ್ಟು ಸಲ ಎಂಬುದೆಲ್ಲ ಗೊತ್ತಾಗುತ್ತದೆ. ರಾತ್ರಿ ಎರಡು ಗಂಟೆಗೆ ಕೇಳಿದ್ದೂ ದಾಖಲಾಗುತ್ತದೆ. ಭಾರತದ ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ 18 ವರ್ಷ ತುಂಬದವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆ ಕೊಡುವವರು ತಾವು ಯಾವುದಕ್ಕೆ ಒಪ್ಪುತ್ತಿದ್ದೇವೆಂದು ತಿಳಿದಿರುವುದು ಮೇಲು. ಆಪ್‌ನ ಸೆಟ್ಟಿಂಗ್ಸ್ ತೆರೆದು, ಕೇಳಿದ ಹಾಡುಗಳ ದಾಖಲೆ ಎಲ್ಲಿದೆ, ಅದನ್ನು ಅಳಿಸುವುದು ಹೇಗೆ ಎಂದು ಮಕ್ಕಳ ಜೊತೆ ಕುಳಿತು ಒಮ್ಮೆ ನೋಡಬಹುದು. ಸಾಮಾನ್ಯವಾಗಿ ಅದನ್ನು ತೋರಿಸಿಕೊಡುವವರು ಮಕ್ಕಳೇ ಆಗಿರುತ್ತಾರೆ. ಬದಲಿಗೆ ಪಾಲಕರು ಚೀಟಿಯ ಆಟವನ್ನು ಕಲಿಸಿಕೊಡಲಿ.